ಬರೀ ನೀರು

ಮಿಂಚುಹುಳವೇ,

ಇವತ್ತು ಲ್ಯಾಬಿನಲ್ಲಿ ನಿನ್ನ ಹಳೆಯ ಪ್ರೋಟೀನನ್ನೇ ಮತ್ತೆ ತಯಾರಿಸಿ, ಬೆಳಕು ಹಾಯಿಸಿದರೆ ಹೊಳೆಯುತ್ತದೆಯೇ ಎಂದು ಅಳೆದೆ. ಯಂತ್ರದ ದೀಪ ಹದಕ್ಕೆ ಬರಲು ಈಗಲೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನೀನು ಸ್ಟೂಲಿನ ಮೇಲೆ ಕಾಲಾಡಿಸುತ್ತ ನನ್ನ ತಲೆ ತಿನ್ನುತ್ತಿದ್ದೆ.

"ಸಣ್ಣಗೆ ಹೊಳೀತಿದೆ, ನೋಡೇ" ಎಂದು ನೀನು ಗ್ರಾಫ್ ಹಿಡಿದು ಬಂದಾಗ, "ಅದು ಬರೀ ನೀರು ಚೆದುರಿಸಿದ ಬೆಳಕು ಕಣೇ" ಎಂದು ಎಲ್ಲರೆದುರು ನಕ್ಕವಳು ನಾನು. ಮರುವಾರ ನಿನ್ನ ಸ್ಟೂಲು ಖಾಲಿಯಾಯಿತು.

ಹಾಯಿಸುವ ಬೆಳಕಿನ ಬಣ್ಣ ಬದಲಿಸಿದರೆ ಗ್ರಾಫಿನಲ್ಲಿ ನೀರಿನ ಉಬ್ಬು ಜಾಗ ಬದಲಿಸುತ್ತದೆ; ನಿಜವಾದ ಹೊಳಪಿನದು ಕದಲುವುದಿಲ್ಲ. ಇವತ್ತು ಬದಲಿಸಿ ನೋಡಿದೆ. ನಿನ್ನ ಉಬ್ಬು ಇದ್ದಲ್ಲೇ ಇತ್ತು.

ಹನ್ನೊಂದು ವರ್ಷವಾಯಿತು; ನಿನ್ನ ವಿಳಾಸ ಇಲ್ಲಿ ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆ ಹಿಡಿದದ್ದು ಎರಡು ನಿಮಿಷ. ನಾನು ನಕ್ಕ ದಿನ ದೀಪವೂ ಹದವಾಗಿ ಉರಿಯುತ್ತಲೇ ಇತ್ತು.