ಸಾಯದ ತೊಗರಿಯ ಅಪರಾಧ

ತೊಗರಿ ಸಾಯಲಿಲ್ಲವೆಂದು ರೈತನಿಗೆ ನೋಟೀಸು ಕಳಿಸಿದ, ನಿಜಾಮ ಸರ್ಕಾರದ ಬೇಸಾಯ ಖಾತೆಯ ಮಾನ್ಯ ಸಾಹೇಬರೇ,

ನನ್ನ ಮನೆಯ ಬಿತ್ತನೆ ಬೀಜವನ್ನೆಲ್ಲ ಜಪ್ತಿ ಮಾಡಿ, ಚಿತ್ತಾಪುರದ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ. ಬಿತ್ತನೆಯ ಮಿರಗದ ಮಳೆಗೆ ಹನ್ನೆರಡೇ ದಿನ ಉಳಿದಿವೆ. ಒಂಬತ್ತು ವರ್ಷ ದುಡಿದು ಮಾಡಿದ ತಳಿ ಅದು. ಬೇರೆಲ್ಲೂ ಅದರ ಒಂದು ಕಾಳೂ ಇಲ್ಲ. ಬೀರುವಿನೊಳಗೆ ಮಳೆಯಾಗುತ್ತದೆಯೇ, ಸ್ವಾಮಿ?

ನಮ್ಮ ಸೀಮೆಯ ತೊಗರಿಗೆ ನೆಟೆ ರೋಗ ಬರುವುದು ತಮಗೂ ಗೊತ್ತು. ಮಣ್ಣಿನಲ್ಲಿ ಅಡಗಿದ್ದ ರೋಗ ಬೇರು ಹಿಡಿಯುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ರೋಗದ ಹೊಲದಲ್ಲಿ ಬದುಕಿದ ಗಿಡದ ಬೀಜವನ್ನು ಮತ್ತೆ ರೋಗದ ಹೊಲದಲ್ಲೇ ಬಿತ್ತಬೇಕು, ಬದುಕಿದ್ದನ್ನು ಮತ್ತೆ ಆರಿಸಬೇಕು. ನಾನು ಮಾಡಿದ್ದು ಇಷ್ಟೇ. ಅದಕ್ಕಾಗಿ ಊರವರ ಹೊಲಗಳ ಸತ್ತ ಬೇರುಗಳನ್ನೆಲ್ಲ ಬೇಡಿ ತಂದು ನನ್ನ ಹೊಲದಲ್ಲಿ ಹೂತೆ. ನನ್ನ ಹೆಂಡತಿ ಸೂಗಮ್ಮ ಹಣೆ ಬಡಿದುಕೊಂಡಳು: "ಮಂದಿ ಬೀಜ ಕೇಳಾಕತ್ತಾರ, ನೀವ್ ಮನಿಮನಿಗಿ ಹೋಗಿ ರೋಗ ಕೇಳಾಕತ್ತೀರಿ. ಭಾಳ ಛಂದಾಯ್ತು ತಗೋರಿ!"

ಹೋದ ವರ್ಷದ ಹಿಂದಿನ ವರ್ಷ ಎರಡು ಸೇರು ಬೀಜವನ್ನು ಪರೀಕ್ಷೆಗೆಂದು ತಮಗೆ ಕೊಟ್ಟೆ. ತಾವು ಅದನ್ನು ಬಿತ್ತಿದ್ದೆಲ್ಲಿ? ಕಚೇರಿಯ ಹಿತ್ತಲಿನಲ್ಲಿ, ಗುಲಾಬಿಗೆಂದು ಹದ ಮಾಡಿದ, ರೋಗದ ಗಾಳಿಯೂ ಸೋಕದ ಮಣ್ಣಿನಲ್ಲಿ! ನಿಮ್ಮ ತೊಗರಿಯೂ ನಿಂತಿತು, ನನ್ನದೂ ನಿಂತಿತು. "ವಿಶೇಷವೇನೂ ಇಲ್ಲ" ಎಂದು ಷರಾ ಬರೆದಿರಿ. ನೀರಿಗಿಳಿಸದೆ ಈಜು ಪರೀಕ್ಷೆ ಮಾಡುವ ವಿದ್ಯೆಯನ್ನು ತಮಗೆ ಯಾರು ಕಲಿಸಿದರು?

ಆ ಹಿತ್ತಲಿಗೆ ರೋಗ ತರಲು ಅಪ್ಪಣೆ ಕೋರಿ ಮೂರು ಅರ್ಜಿ ಹಾಕಿದೆ. ಉತ್ತರವಿಲ್ಲ. ಕೊನೆಗೆ ಒಂದು ಬಂಡಿ ರೋಗದ ಮಣ್ಣು ಹೇರಿಕೊಂಡೇ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ. ಚಪರಾಸಿ ಮುನಾಫ ಮಣ್ಣನ್ನು ಮುಟ್ಟಿ ನೋಡಿದ.

"ಭಾಳ ಛಲೋ ಮಣ್ಣದರಿ, ಹಿತ್ತಲಕ್ಕ ಹಾಕ್ರಿ."

"ಇದರಾಗ ರೋಗ ಅದಪ್ಪಾ!"

"ಸರ್ಕಾರಿ ಜಾಗದಾಗ ಹೊರಗಿನ ರೋಗ ಏನ್ ಮಾಡ್ತದ್ರಿ, ಅಯ್ಯನೋರೆ?"

ಇಬ್ಬರೂ ಸೇರಿ ಹರಡಿದೆವು. ಹೋದ ವರ್ಷ ಅಲ್ಲೇ ತಾವು ಸರ್ಕಾರಿ ತೊಗರಿಯನ್ನೂ, ಉಳಿದಿದ್ದ ನನ್ನ ಬೀಜವನ್ನೂ ಬಿತ್ತಿಸಿದಿರಿ. ಸರ್ಕಾರಿ ತೊಗರಿ ಹೂವಿನಲ್ಲೇ ಒಣಗಿತು. ನನ್ನ ಎರಡು ಸಾಲು ಮಾತ್ರ ಕಾಯಿಯ ಭಾರಕ್ಕೆ ಬಾಗಿ ನಿಂತವು. ಬೇರೆ ಯಾರಾದರೂ ಬೆನ್ನು ತಟ್ಟುತ್ತಿದ್ದರು. ತಾವು ನೋಟೀಸು ಬರೆದಿರಿ: "ಕಚೇರಿಯ ಬೆಳೆಯೆಲ್ಲ ಸತ್ತು ಮಡಿವಾಳಯ್ಯನ ತೊಗರಿ ಮಾತ್ರ ಬದುಕಿರುವುದರಿಂದ, ರೋಗಕ್ಕೂ ಸದರಿಯವನಿಗೂ ಒಳಸಂಚು ಇರುವುದು ಖಚಿತ."

ಓದಿಸಿ ಕೇಳಿದಾಗ ಮೈಯೆಲ್ಲ ಉರಿಯಿತು. ಆಮೇಲೆ ಹೊಟ್ಟೆ ಹಿಡಿದು ನಕ್ಕೆ. ಉರ್ದುವಿನಲ್ಲಿದ್ದ ಆ ನೋಟೀಸನ್ನು, ನಮ್ಮೂರಲ್ಲಿ ಆ ಭಾಷೆ ಓದಬಲ್ಲ ಮಜೀದಸಾಬರಿಂದ ಊರ ಕಟ್ಟೆಯ ಮೇಲೆ ಮತ್ತೆ ಗಟ್ಟಿಯಾಗಿ ಓದಿಸಿದೆ. ಒಂಬತ್ತು ವರ್ಷ ನನ್ನನ್ನು ಹುಚ್ಚನೆಂದವರು ಈಗ ಬಾಗಿಲಲ್ಲಿ ನಿಂತಿದ್ದಾರೆ: "ಅಯ್ಯನೋರೆ, ನಮಗೂ ಒಂದ್ ಹಿಡಿ ಕೊಡ್ರಿ!" ಏನು ಕೊಡಲಿ? ನನ್ನ ಬಳಿ ಒಂದು ಹಿಡಿಯೂ ಇಲ್ಲ.

ಆದ್ದರಿಂದ ಬೀಗ ತೆಗೆಯಿರಿ. ಮಳೆಗೆ ಮುಂಚೆ ಬೀಜ ಕೊಡಿ. ಒಳಸಂಚನ್ನು ಒಪ್ಪಿಕೊಂಡಿದ್ದೇನೆ, ಶಿಕ್ಷೆಯನ್ನು ಬಿತ್ತನೆ ಮುಗಿದ ಮೇಲೆ ಕೊಡಿ, ನಾನೇ ಬಂದು ನಿಲ್ಲುತ್ತೇನೆ. ಆದರೆ ಕೈಮುಗಿದು ಕೇಳುತ್ತೇನೆ, ಆ ನೋಟೀಸನ್ನು ಮಾತ್ರ ಹಿಂತೆಗೆದುಕೊಳ್ಳಬೇಡಿ. ನನ್ನ ಬೀಜಕ್ಕೆ ಸರ್ಕಾರ ಬರೆದುಕೊಟ್ಟ ಪ್ರಶಸ್ತಿಪತ್ರ ಅದೊಂದೇ.

ಇಂತಿ,
ರೋಗದೊಡನೆ ಒಂಬತ್ತು ವರ್ಷ ಸಂಸಾರ ಮಾಡಿದ ಆರೋಪಿ,
ಮಡಿವಾಳಯ್ಯ, ಗುಂಡಗುರ್ತಿ