ಬಾಗಿಲ ಪುಸ್ತಕದ ಕೊನೆಯ ಹಾಳೆ

ತಳಗೇರಿ, ಹಳೆಯ ಗಣಿಯ ನಾಲ್ಕನೆಯ ಅಂತಸ್ತು
ಕ್ರಿ.ಶ. ೨೩೪೧, ಬಿಸಿಲುಮಾಸದ ನಲವತ್ತೆರಡನೆಯ ದಿನ

ಚಿಕ್ಕ ಮಕ್ಕಳಿಗೆ ಚಿತ್ರಪುಸ್ತಕ ಮಾಡುವ ಹಿರಿಯರಿಗೆ ಶರಣು.

ಹಿರಿಯರು ಎಂದು ಬರೆದು ನನಗೇ ನಗು ಬಂತು. ನಿಮಗೆ ಈಗ ಮೂವತ್ತೋ ನಲವತ್ತೋ ಇರಬಹುದು, ನನಗೆ ಎಪ್ಪತ್ತು ದಾಟಿದೆ. ಆದರೂ ನೀವು ಹೋಗಿ ಮುನ್ನೂರು ವರ್ಷದ ಹತ್ತಿರವಾಯಿತು, ಹಿರಿಯರೆನ್ನದೆ ಬೇರೆ ದಾರಿಯಿಲ್ಲ. ತಿಂಗಳಿಗೆ ನಲವತ್ತೆರಡು ದಿನ ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮವರು ತಿಂಗಳನ್ನೂ ಎಳೆದು ಉದ್ದ ಮಾಡಿದರು, ಅಷ್ಟೇ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಪುಸ್ತಕಗಳಿಂದಲೇ ಕಲಿತ ಬರವಣಿಗೆ ಇದು. ಅವುಗಳಲ್ಲಿ ಪುಟಕ್ಕೆ ಒಂದು ಸಾಲಿಗಿಂತ ಹೆಚ್ಚು ಇರುತ್ತಿರಲಿಲ್ಲ. ಈ ಕಾಗದ ನಿಮ್ಮ ಕೈಗೆ ಹೇಗೆ ಸೇರುತ್ತದೋ ನನಗೆ ತಿಳಿಯದು. ಹಿಂದಿನ ಕಾಲಕ್ಕೆ ಟಪಾಲು ಕಳಿಸುವ ಹುಡುಗಿಯರು ಸೇರೇ ಸೇರುತ್ತದೆ ಎನ್ನುತ್ತಾರೆ. ಅವರ ಜೊತೆ ವಾದ ಮಾಡುವ ತ್ರಾಣ ನನ್ನಲ್ಲಿಲ್ಲ.

ನನ್ನ ಹೆಸರು ಗಂಗಿಮಾಳವ್ವ. ಊರಿನವರು ಪುಟದವ್ವ ಎನ್ನುತ್ತಾರೆ. ಮಕ್ಕಳ ಮುಂದೆ ಕಾಗದದ ಪುಸ್ತಕ ಹಿಡಿದು ಪುಟ ತಿರುವುವ ಕೆಲಸ ನನ್ನದು. ಹೊಸ ಕಾಗದ ಈಗ ಎಲ್ಲಿಯೂ ತಯಾರಾಗುವುದಿಲ್ಲವಾದ್ದರಿಂದ ಪುಟ ಮುಟ್ಟುವ ಹಕ್ಕು ಇಡೀ ಊರಿನಲ್ಲಿ ಒಬ್ಬಳಿಗೇ. ನಾವಿರುವುದು ರಾಯಚೂರು ಸೀಮೆಯ ಒಂದು ಹಳೆಯ ಗಣಿಯೊಳಗೆ. ಮೇಲೆ ನೆಲ ಕಾದ ಹಂಚಾಗಿ ಕೂತಿದೆ. ನಿಮ್ಮ ಕಾಲದವರು ಚಿನ್ನಕ್ಕಾಗಿ ತೋಡಿದ ಸುರಂಗಗಳಲ್ಲಿ ನಾವು ಮನೆ ಮಾಡಿಕೊಂಡಿದ್ದೇವೆ. ಬೆಳಕು ಸರದಿಯ ಮೇಲೆ ಬರುತ್ತದೆ. ಒಂದು ಓಣಿಗೆ ಬೆಳಕಿದ್ದಾಗ ಇನ್ನೊಂದು ಓಣಿ ಮಲಗಿರುತ್ತದೆ. ದೀಪದ ಕೆಳಗೆ ಬೆಳೆಯುವ ಜೋಳಕ್ಕೆ ದೀಪಜೋಳ ಎನ್ನುತ್ತೇವೆ. ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ, ರುಚಿ ಮಾತ್ರ ಪರವಾಗಿಲ್ಲ. ಮೇಲಿನ ತಗಡುಗಳು ಬಿಸಿಲು ಹೀರಿ ಕೆಳಗೆ ತಂಪುಗಾಳಿ ನೂಕುತ್ತವೆ. ಆ ಗಾಳಿಯ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿದೆಯೆಂದರೆ, ಅದು ನಿಂತಾಗಲೇ ಎಚ್ಚರವಾಗುವುದು.

ಮನೆಮನೆಗೂ ಒಂದು ಉಲಿಗೋಡೆ ಇದೆ. ಮಾತನಾಡುವ, ಚಿತ್ರ ತೋರಿಸುವ ಗೋಡೆ. ಮಗುವಿನ ಮುಖ ನೋಡಿದೊಡನೆ ಅದು ಆ ಮಗುವಿಗೇ ಕಥೆ ಹೆಣೆಯುತ್ತದೆ. ಕಥೆಯಲ್ಲಿ ಆ ಮಗುವೇ ರಾಜ, ಅದು ಕೇಳಿದ್ದೆಲ್ಲ ಸಿಗುತ್ತದೆ, ಯಾರೂ ಅದಕ್ಕೆ ಇಲ್ಲ ಎನ್ನುವುದಿಲ್ಲ. ನನ್ನ ಅಜ್ಜಿಯ ಕಾಲಕ್ಕಾಗಲೇ ಎರಡು ಮಕ್ಕಳನ್ನು ಪಕ್ಕಪಕ್ಕ ಕೂರಿಸಿದರೆ ಮಾತೇ ಹೊರಡುತ್ತಿರಲಿಲ್ಲವಂತೆ. ಒಬ್ಬನ ಕಥೆ ಇನ್ನೊಬ್ಬನಿಗೆ ಗೊತ್ತಿದ್ದರೆ ತಾನೆ? ಆಗ ಊರಿನವರು ಹೆದರಿ, ಬಿಡಿ ಹಾಳೆಗಳಾಗಿ ಬಿದ್ದಿದ್ದ ನಿಮ್ಮ ಪುಸ್ತಕಗಳನ್ನು ಹೊಲಿದು ಜೋಡಿಸಿ, ಬೆಳಕಿನ ಸರದಿಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಒಂದೇ ಕಥೆ ಕೇಳಬೇಕೆಂದು ಕಟ್ಟು ಮಾಡಿದರು. ತಪ್ಪುಗಳೂ ಆದವು. ನೀವು ಒಂದೇ ಪುಟದಲ್ಲಿ ಆನೆಯನ್ನೂ ಇಲಿಯನ್ನೂ ಸಮಸಮ ಬಿಡಿಸಿದ್ದಿರಿ. ನಮ್ಮೂರಲ್ಲಿ ಮೂರು ತಲೆಮಾರು ಆನೆಯನ್ನು ಬಗಲಲ್ಲಿ ಎತ್ತಿಕೊಂಡು ತಿರುಗಬಹುದೆಂದೇ ನಂಬಿತ್ತು. ನಾನೂ ನಂಬಿದ್ದೆ. ನಿಜ ತಿಳಿದ ದಿನ ಯಾಕೋ ಬೇಜಾರಾಯಿತು.

ಇದ್ದ ಪುಸ್ತಕಗಳಲ್ಲಿ ಮಕ್ಕಳಿಗೆ ಹೆಚ್ಚು ಬೇಕಾದದ್ದು ಬಾಗಿಲ ಪುಸ್ತಕ. ರಟ್ಟು ಹೋಗಿರುವುದರಿಂದ ನಿಜವಾದ ಹೆಸರು ನಮಗೆ ಗೊತ್ತಿಲ್ಲ. ಒಂದು ಮನೆ, ಸಂಜೆ. ಅಜ್ಜಿ ರೊಟ್ಟಿ ತಟ್ಟುತ್ತಾಳೆ, ಅಪ್ಪ ನೀರು ತುಂಬುತ್ತಾನೆ, ಪಕ್ಕದ ಮನೆಯ ಗೆಳತಿ ಬೆಕ್ಕನ್ನು ಹಿಡಿದು ಕೂತಿದ್ದಾಳೆ. ಯಾರೋ ಬಾಗಿಲು ತಟ್ಟುತ್ತಾರೆ. ಪುಟ್ಟ ಹುಡುಗಿ ಓಡಿಹೋಗಿ ಅಗಳಿಯ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ನಮ್ಮ ಪ್ರತಿ ಮುಗಿದುಹೋಗುತ್ತದೆ, ಕೊನೆಯ ಹಾಳೆ ಇಲ್ಲ. ಬಂದವರು ಯಾರು ಎಂದು ಮಕ್ಕಳು ಗಂಟುಬಿದ್ದಾಗ ಹಿಂದಿನ ಯಾವಳೋ ಪುಟದವ್ವ ಬೇಸತ್ತು ಪಾಟಿ ಬಳಪ ಕೊಟ್ಟು, ನೀನೇ ಚಿತ್ರ ಬರೆದು ತೋರಿಸು ಎಂದಿರಬೇಕು. ಅದೇ ಪದ್ಧತಿಯಾಯಿತು. ಓದಿದ ದಿನ ಒಂದು ಮಗುವಿನ ಸರದಿ. ಅದು ಯಾರನ್ನು ಬರೆಯುತ್ತದೋ ಅವರು ಅವತ್ತು ಸಂಜೆ ಆ ಮಗುವಿನ ಮನೆಗೆ ಊಟಕ್ಕೆ ಹೋಗಲೇಬೇಕು.

ನಗಬೇಡಿ, ನಮ್ಮ ಊರು ಹಿಡಿದು ನಿಂತಿರುವುದು ಇದರ ಮೇಲೆಯೇ. ಮಾತು ಬಿಟ್ಟ ಮನೆಗಳ ಮಕ್ಕಳು ಒಬ್ಬರನ್ನೊಬ್ಬರು ಬರೆದಿದ್ದಾರೆ, ದೊಡ್ಡವರು ಮುಖ ಗಂಟಿಕ್ಕಿಕೊಂಡೇ ಪಂಕ್ತಿಯಲ್ಲಿ ಕೂತು ಉಂಡಿದ್ದಾರೆ. ಒಬ್ಬ ಹುಲಿಯನ್ನು ಬರೆದ. ಜನರನ್ನು ಗಣಿಯೊಳಗೆ ಇಳಿಸಿ ಏರಿಸುವ ಇಳಿತೊಟ್ಟಿಲು ನಡೆಸುವ ಹನುಮೇಶ ಮೈಗೆಲ್ಲ ಅರಿಸಿನ ಬಳಿದುಕೊಂಡು ಅವರ ಮನೆಗೆ ಅಂಬೆಗಾಲಿಟ್ಟು ಹೋದ. ಅಜ್ಜಿ ಇಲ್ಲದ ಮಕ್ಕಳೆಲ್ಲ ನನ್ನನ್ನೇ ಬರೆಯುತ್ತವೆ. ಮೊಣಕಾಲು ಹಿಡಿದುಕೊಂಡು ಎಷ್ಟು ಮನೆಯ ಮೆಟ್ಟಿಲು ಹತ್ತಿದ್ದೇನೋ, ಎಷ್ಟು ಉಪ್ಪಿಲ್ಲದ ಪಲ್ಯ ತಿಂದಿದ್ದೇನೋ, ನನಗೇ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಬಿಸಿಲುಮಾಸದಲ್ಲಿ ತಗಡು ರಿಪೇರಿಗೆಂದು ಮೇಲೆ ಹೋದ ಪಾರೋತಿ ತಿರುಗಿ ಬರಲಿಲ್ಲ. ಬಿಸಿಲು ಬಡಿದು ಅಲ್ಲಿಯೇ ಮುಗಿದುಹೋದಳು. ಅಲ್ಲಿ ಸತ್ತವರನ್ನು ಅಲ್ಲಿಯೇ ಮಣ್ಣು ಮಾಡುತ್ತೇವೆ, ಕೆಳಗೆ ತರುವಂತಿಲ್ಲ. ಅವಳ ಗಂಡ ಅಮರೇಶ ಹೆಣದ ಮುಖವನ್ನೂ ನೋಡಲಿಲ್ಲ. ಮಗಳು ಹುಲಿಗೆವ್ವ, ಎಲ್ಲರ ಬಾಯಲ್ಲಿ ಹುಲಿಗಿ, ಇನ್ನೂ ಹಾಲುಹಲ್ಲು ಬೀಳದ ಮಗು. ಅಂದಿನಿಂದ ಅಮರೇಶ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟ. ಊಟಕ್ಕೆ ಮೂರು ತಾಟು ಹಾಕುತ್ತಿದ್ದ. ಓಣಿಯಲ್ಲಿ ಯಾರ ಹೆಜ್ಜೆ ಕೇಳಿಸಿದರೂ ತುತ್ತು ಬಿಟ್ಟು ಎದ್ದು ಬಾಗಿಲಿಗೆ ಬರುತ್ತಿದ್ದ. ಸಮಾಧಾನ ಹೇಳಲು ಊರಿನವರು ಸಾಲುಗಟ್ಟಿ ಬರುತ್ತಿದ್ದರು, ಹಾಗಾಗಿ ಹೆಜ್ಜೆಗಳಿಗೇನೂ ಬರವಿರಲಿಲ್ಲ. ಒಬ್ಬೊಬ್ಬರು ಒಳಗೆ ಬಂದಾಗಲೂ ಅವನ ಮುಖ ಬಾಡುವುದನ್ನು ಆ ಮಗು ಕೂತು ನೋಡುತ್ತಿತ್ತು.

ಬಾಗಿಲ ಪುಸ್ತಕದ ಮುಂದಿನ ಸರದಿ ಹುಲಿಗಿಯದು. ಅವಳು ಅವ್ವನನ್ನೇ ಬರೆಯುತ್ತಾಳೆ ಎಂದು ಊರಿಗೆಲ್ಲ ಗೊತ್ತಿತ್ತು. ಬರೆದರೆ ಯಾರನ್ನು ಕಳಿಸುವುದು? ಇದೇ ಸಂಕಟದಲ್ಲಿದ್ದಾಗ ತುಂಗಭದ್ರೆಯ ದಂಡೆಯಿಂದ ಬಂದ ವ್ಯಾಪಾರಿಗಳು ಅದೇ ಪುಸ್ತಕದ ಬಿಡಿ ಹಾಳೆಯೊಂದನ್ನು ತಂದರು. ನಮ್ಮಲ್ಲಿ ಇಲ್ಲದಿದ್ದ ಕೊನೆಯ ಹಾಳೆ. ಬಾಗಿಲು ತೆರೆದಿದೆ. ಕೆಲಸ ಮುಗಿಸಿ ಬಂದ ಅವ್ವ ತರಕಾರಿ ಚೀಲ ಹಿಡಿದು ನಿಂತಿದ್ದಾಳೆ.

ಊರಿನ ಹಿರಿಯಳು ಚೆನ್ನಬಸಮ್ಮ ಸಭೆ ಕೂಡಿಸಿದಳು. "ಖರೇ ಹಾಳಿ ಸಿಕ್ಕದ, ಹಚ್ಚಿಬಿಡು ಬೇ. ಇನ್ನ ಯಾರೂ ಪಾಟಿ ಮ್ಯಾಲ ಬರಿಯೋದು ಬ್ಯಾಡ. ಆ ಕೂಸಿಗೂ ಕಷ್ಟ ತಪ್ಪತದ," ಅಂದಳು. ಅವಳು ಕೆಟ್ಟವಳಲ್ಲ. ಅವಳ ಮಾತಿನಲ್ಲಿ ಹುರುಳೂ ಇತ್ತು. ನಾನು ಹಾಳೆಯನ್ನು ಮುಂದಿಟ್ಟುಕೊಂಡು, "ಇದರಾಗ ಅವ್ವ ಬಂದಾಳ ನೋಡು ಚೆನ್ನಬಸಮ್ಮ. ಇದನ್ನ ಹುಲಿಗಿ ಮುಂದ ನಾ ಹೆಂಗ ಹಿಡೀಲಿ?" ಎಂದೆ. ಚಿತ್ರದಲ್ಲಾದರೂ ಬರಲಿ ಎಂದರು ಕೆಲವರು. ಸಿಟ್ಟು ಮಾಡಲು ಮೈಯಲ್ಲಿ ಕಸುವಿರಲಿಲ್ಲ. ಕಣ್ಣು ಮಂಜಾಗಿದೆ, ನಾಳೆ ಹಚ್ಚುತ್ತೇನೆ, ನಾಡಿದ್ದು ಹಚ್ಚುತ್ತೇನೆ ಎನ್ನುತ್ತ ದಿನ ತಳ್ಳಿದೆ. ಹಾಗೆ ತಳ್ಳುತ್ತಿರುವಾಗಲೇ ಹುಲಿಗಿಯ ಸರದಿ ಬಂದೇಬಿಟ್ಟಿತು.

ಹಾಳೆ ಹಚ್ಚದೆಯೇ ಓದಿದೆ. ಹುಡುಗಿ ಅಗಳಿಯ ಮೇಲೆ ಕೈ ಇಟ್ಟ ಪುಟ ಬಂತು. ಹುಲಿಗಿ ಪಾಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು ಬಹಳ ಹೊತ್ತು ಬರೆದಳು. ನನ್ನ ಕಡೆ ತಿರುಗಿಸಿದಾಗ ಅದರಲ್ಲಿ ಮನುಷ್ಯರೇ ಇರಲಿಲ್ಲ. ಬರೀ ಬಾಗಿಲು, ಮುಚ್ಚಿದ ಬಾಗಿಲು. ಒತ್ತಿ ಒತ್ತಿ ಬರೆದ ದಪ್ಪನೆಯ ಚಿಲಕ.

"ಯಾರು ಬಂದ್ರವ್ವ?" ಎಂದು ಕೇಳಿದೆ.

"ಯಾರೂ ಬಂದಿಲ್ಲ. ಚಿಲಕ ಹಾಕ್ಯದ."

ಇಂಥದ್ದನ್ನು ಯಾವ ಮಗುವೂ ಬರೆದಿರಲಿಲ್ಲ. ಆದರೆ ಬರೆದದ್ದು ನಡೆಯಬೇಕು ಎನ್ನುವುದೇ ನಮ್ಮ ಕಟ್ಟು. ನಾನು ಪಾಟಿ ಹಿಡಿದುಕೊಂಡು, ಅವಳ ಕೈ ಹಿಡಿದುಕೊಂಡು ಅಮರೇಶನ ಮನೆಗೆ ಹೋದೆ. ಅವನು ಮೂರು ತಾಟು ಹಾಕಿ ಕೂತಿದ್ದ.

"ಅಮರೇಶ, ಇವತ್ತ ಚಿಲಕ ಹಾಕಬೇಕಪ್ಪ. ಮಗಳು ಬರದಾಳ."

ಅವನು ಪಾಟಿ ನೋಡಿದ, ಬಾಗಿಲು ನೋಡಿದ. "ಚಿಲಕ ಹಾಕಿದ್ರ ಆಕಿ ಹೆಂಗ ಬರ್ತಾಳ ಪುಟದವ್ವ?" ಎಂದ.

ಹುಲಿಗಿ ಒಂದು ತಾಟು ಎತ್ತಿ ಒಳಗಿಟ್ಟು ಬಂದು ಅಪ್ಪನ ಪಕ್ಕ ಕೂತಳು. ನಾನು ಹೊರಗೆ ಬಂದೆ. ತಡವಾಯಿತು, ಆದರೂ ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅವನು ಅತ್ತದ್ದೂ ಕೇಳಿಸಿತು. ಊರಿಗೆ ಕೇಳುವಂತೆ ಅತ್ತ, ಪಾರೋತಿ ಹೋದಾಗಿನಿಂದ ಅದೇ ಮೊದಲು. ನಾನು ಓಣಿಯ ಬಾಯಲ್ಲಿ ಗೋಡೆಗೆ ಒರಗಿ ಕೂತು, ಬುತ್ತಿ ಹೊತ್ತು ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದೆ. ಚೆನ್ನಬಸಮ್ಮನೂ ಬಂದಳು. ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ಕೂತು ಎದ್ದುಹೋದಳು.

ಮರುದಿನ ಹುಲಿಗಿ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಅವ್ವನನ್ನು ಯಾಕೆ ಬರೆಯಲಿಲ್ಲ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ಅವಳು ನನ್ನ ಮುಖವನ್ನೂ ನೋಡದೆ ಹೇಳಿದಳು: "ಅವ್ವ ಬರಂಗಿಲ್ಲಂತ ನನಗ ಗೊತ್ತದ. ಅಪ್ಪಗ ಯಾರೂ ಹೇಳಿದ್ದಿಲ್ಲ."

ಆ ಹಾಳೆಯನ್ನು ವ್ಯಾಪಾರಿಗಳ ಕೈಗೇ ವಾಪಸು ಕೊಟ್ಟುಬಿಟ್ಟೆ. ಸಭೆಯಲ್ಲಿ ನನಗೆ ಸಾಕಷ್ಟು ಬೈಗುಳ ಬಿತ್ತು, ಅದು ಇರಲಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಚಿತ್ರ ಚೆನ್ನಾಗಿದೆ. ಆ ಅವ್ವನ ಜಡೆ ಸಡಿಲಾಗಿದೆ, ಚಪ್ಪಲಿಯ ಒಂದು ಬಾರು ಕಿತ್ತಿದೆ, ದಣಿದಿದ್ದಾಳೆ, ಆದರೂ ನಗುತ್ತಿದ್ದಾಳೆ. ಅವ್ವನ ದಾರಿ ಕಾಯ್ದ ಯಾರೋ ಬರೆದಿರಬೇಕು. ಅದನ್ನು ಬದಲಾಯಿಸಬೇಡಿ. ನಿಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಸಂಜೆ ಅವ್ವ ಮನೆಗೆ ಬರುವುದನ್ನು ನೋಡಿದರೇ ನಿದ್ದೆ. ಅವರ ಅವ್ವ ಬರಲಿ.

ನಾನು ಕೇಳುವುದು ಬಹಳ ಚಿಕ್ಕದು. ಬಾಗಿಲ ಪುಸ್ತಕಕ್ಕೆ ನೀವು ಅಚ್ಚು ಹಾಕುವ ಅಷ್ಟು ಪ್ರತಿಗಳಲ್ಲಿ ನಮಗೆ ಸೇರುವುದು ಯಾವುದು ಎಂದು ನಿಮಗೂ ತಿಳಿಯದು, ನನಗೂ ತಿಳಿಯದು. ಆದ್ದರಿಂದ ಎಲ್ಲ ಪ್ರತಿಗಳಿಗೂ ಮಾಡಿ. ರಟ್ಟು ಕಟ್ಟುವವರಿಗೆ ಹೇಳಿ, ಬೇರೆ ಹಾಳೆಗಳನ್ನು ಗಟ್ಟಿಯಾಗಿ ಹಚ್ಚಲಿ. ಕೊನೆಯ ಹಾಳೆಗೆ ಮಾತ್ರ ಗೋಂದು ಸ್ವಲ್ಪ ಕಡಿಮೆ ಹಾಕಲಿ.

ಇಂತಿ,
ಗಂಗಿಮಾಳವ್ವ