ಒಂದೇ ಬಂದೂಕಿಗೆ ಇಬ್ಬರು ಕಳ್ಳರು

ಕೊಹಾಟ್, 4 ಮಾರ್ಚ್ 1918

ಗಡಿನಾಡಿನ ಆಯುಧ ನಿಯಂತ್ರಣ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಒಂದೇ ಬಂದೂಕನ್ನು ಕದ್ದ ಇಬ್ಬರು ಕಳ್ಳರು ಈಗ ನಿಮ್ಮ ಸೆರೆಮನೆಯಲ್ಲಿದ್ದಾರೆ. ಆ ಬಂದೂಕು ಇಬ್ಬರ ಕೈಯಲ್ಲೂ ಸಿಕ್ಕಿದೆ. ಕಳೆದದ್ದು ಒಂದು, ಸಿಕ್ಕಿದ್ದು ಎರಡು. ಇದರಲ್ಲಿ ಏನೋ ಎಡವಟ್ಟಾಗಿದೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಅನ್ನಿಸಲಿಲ್ಲವೇ? ನಾನು ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಈ ತಿಂಗಳ ಇಪ್ಪತ್ತೆರಡಕ್ಕೆ ವಿಚಾರಣೆ. ಯುದ್ಧಕಾಲದ ವಿಶೇಷ ನಿಯಮದಂತೆ ವಕೀಲರಿಲ್ಲ, ಮೇಲ್ಮನವಿ ಇಲ್ಲ, ಶಿಕ್ಷೆ ಏಳು ವರ್ಷ ಕರಿನೀರು. ನಿಮ್ಮ ಪರಿಶೀಲನೆ ಮುಗಿಯುವ ಹೊತ್ತಿಗೆ ಈ ಇಬ್ಬರು ಹಡಗಿನಲ್ಲಿರುತ್ತಾರೆ. ಅದಕ್ಕೇ ಈ ನಾಲ್ಕನೆಯ ಅರ್ಜಿಯನ್ನು ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಯೋಜನೆಯನ್ನು ನಾನು ಓದಿದ್ದೇನೆ. ಓದಲು ಚೆನ್ನಾಗಿದೆ. ಏಡನ್ನಿನಿಂದ ಬಸ್ರಾ, ಬಸ್ರಾದಿಂದ ಮಕ್ರಾನಿನ ಕರಾವಳಿ, ಅಲ್ಲಿಂದ ನಮ್ಮ ಬೆಟ್ಟಗಳವರೆಗೆ, ಚಕ್ರಾಧಿಪತ್ಯದ ಅಂಚಿನಲ್ಲಿರುವ ಪ್ರತಿ ಬಂದೂಕಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಬ್ಬ ಮನುಷ್ಯ. ಸೈನ್ಯ ಕಳೆದುಕೊಂಡ ಬಂದೂಕುಗಳ ಪಟ್ಟಿ ಪ್ರತಿ ಗಡಿಠಾಣೆಯಲ್ಲಿರುತ್ತದೆ. ಪಟ್ಟಿಯ ಸಂಖ್ಯೆ ಯಾರ ಬಂದೂಕಿನ ಮೇಲಿದೆಯೋ ಅವನು ಕಳ್ಳ. ಯುದ್ಧ ಮುಗಿದ ಮೇಲೆ ಉಳಿಯುವ ಲಕ್ಷಾಂತರ ಬಂದೂಕುಗಳು ಯಾರ ಕೈಗೆ ಹೋಗಬಹುದು ಎಂಬ ಚಿಂತೆ ನಿಮಗಿರುವುದು ಸಹಜ. ಆ ಚಿಂತೆ ನನಗೂ ಇದೆ. ಅವುಗಳ ಗುಂಡು ಹಾರುವುದು ನಮ್ಮ ಊರುಗಳಲ್ಲಿ, ನಿಮ್ಮ ಊರಿನಲ್ಲಲ್ಲ. ಆದರೆ ಈ ಯೋಜನೆ ಬರೆದ ಮಹನೀಯರಲ್ಲಿ ಒಬ್ಬರಾದರೂ ಕೊಹಾಟ್ ಕಣಿವೆಯ ಕುಲುಮೆಯೊಂದರ ಮುಂದೆ ಅರ್ಧ ಗಂಟೆ ನಿಂತಿದ್ದರೆ ನಾನು ಈ ಪತ್ರ ಬರೆಯಬೇಕಾಗಿರಲಿಲ್ಲ.

ಮೊದಲ ಕೈದಿ ಮೀರ್‌ಬಾಜ್, ಗಡಿಯಾಚೆಯ ಕಣಿವೆಯ ಅಫ್ರೀದಿ ಕುಲದವನು. ವಯಸ್ಸು ಇಪ್ಪತ್ತೈದರ ಆಸುಪಾಸು. ನಮ್ಮ ಗಣಿಯ ಉಪ್ಪನ್ನು ಹೇಸರಗತ್ತೆಗಳ ಮೇಲೆ ಹೇರಿ ಪೇಶಾವರಕ್ಕೆ ಸಾಗಿಸುವುದು ಅವನ ಕಸುಬು. ಕಣಿವೆಯವರು ನಮ್ಮ ಪಟ್ಟಣಕ್ಕೆ ಬಂದೂಕು ತರುವಂತಿಲ್ಲ. ಘಟ್ಟದ ನೆತ್ತಿಯ ಠಾಣೆಯಲ್ಲಿ ಇಟ್ಟು, ತಗಡಿನ ಬಿಲ್ಲೆ ಪಡೆದು ಇಳಿಯುತ್ತಾರೆ. ಮರಳುವಾಗ ಬಿಲ್ಲೆ ಕೊಟ್ಟು ಬಂದೂಕು ತೆಗೆದುಕೊಳ್ಳುತ್ತಾರೆ. ಮೀರ್‌ಬಾಜ್ ಆರು ವರ್ಷದಿಂದ ಹೀಗೆಯೇ ಮಾಡುತ್ತಿದ್ದ. ಜನವರಿಯಲ್ಲಿ ನಿಮ್ಮ ಪಟ್ಟಿ ಠಾಣೆಗೆ ಬಂತು. ಅವನು ಉಪ್ಪು ಹೇರಿಕೊಂಡು ಹತ್ತಿ ಬಂದು ಬಿಲ್ಲೆ ನೀಡಿದಾಗ ಕೈಗೆ ಬಂದದ್ದು ಬೇಡಿ. ಅವನ ಮಾರ್ಟಿನಿ ಬಂದೂಕಿನ ಮೇಲೆ 4417 ಎಂದಿತ್ತು. ಪಟ್ಟಿಯಲ್ಲೂ 4417 ಇತ್ತು. ಬಂದೂಕು ಕದ್ದವನು ಆರು ವರ್ಷ ಅದನ್ನು ವಾರಕ್ಕೊಮ್ಮೆ ಸರ್ಕಾರದ ಠಾಣೆಯಲ್ಲೇ ಬಿಟ್ಟುಹೋಗುತ್ತಾನೆಯೇ, ಮಾನ್ಯರೇ?

ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಬರೆದವನು ನಾನೇ. ಹದಿನೆಂಟು ವರ್ಷ ಇಲ್ಲಿನ ದಂಡುಪ್ರದೇಶದ ಆಯುಧ ಉಗ್ರಾಣದಲ್ಲಿ ಲೆಕ್ಕ ಬರೆಯುವ ಮುನ್ಶಿಯಾಗಿದ್ದೆ. ತೊಂಬತ್ತೇಳರ ಚಳಿಗಾಲದಲ್ಲಿ ತೀರಾ ಎಂಬ ಬೆಟ್ಟನಾಡಿನಿಂದ ದಂಡು ಹಿಂದಿರುಗುವಾಗ ಬಾರಾ ನದಿಯಲ್ಲಿ ಒಬ್ಬ ಸಿಪಾಯಿ ಜಾರಿ ಬಿದ್ದ. ಸಿಪಾಯಿ ಸಿಕ್ಕ, ಬಂದೂಕು ಸಿಗಲಿಲ್ಲ. ‘4417, ಕಳೆದುಹೋಗಿದೆ’ ಎಂದು ದುಂಡಗೆ ಬರೆದೆ. ಮೀರ್‌ಬಾಜನಿಗೆ ಆಗ ನಾಲ್ಕು ವರ್ಷವಿದ್ದೀತು.

ಕಣಿವೆಯ ಹಿರಿಯರು ಕೂತು ಮಾತಾಡಿ ಸರಳವಾದ ಉಪಾಯವೊಂದನ್ನು ಮಾಡಿದರು. ಮೀರ್‌ಬಾಜನ ಚಿಕ್ಕಪ್ಪನ ಮಗ ಮುಸ್ತಮೀರ್‌ನ ಬಂದೂಕಿನ ಮೇಲೂ 4417 ಇದೆ. ಅದನ್ನು ತೋರಿಸಿದರೆ ಸಾಹೇಬರಿಗೆ ವಿಷಯ ತಿಳಿಯುತ್ತದೆ ಎಂದುಕೊಂಡರು. ಸಾಹೇಬರ ಬುದ್ಧಿಯ ಮೇಲೆ ಅವರಿಗಿದ್ದ ಗೌರವ ಅಷ್ಟು. ಮುಸ್ತಮೀರ್ ಠಾಣೆಗೆ ಹೋದಾಗ ನಿವೃತ್ತನಾದ ಮೇಲೆ ನಾನು ಲೆಕ್ಕ ಬರೆಯುವ ಉಪ್ಪಿನ ಗುತ್ತಿಗೆದಾರರ ಪರವಾಗಿ ನಾನೂ ಅಲ್ಲಿದ್ದೆ.

“ಸಾಹೇಬ್ರೇ, ನೋಡಿ, ನಂದೂ ಅದೇ ನಂಬರು,” ಎಂದ. “ನಮ್ಮೂರಲ್ಲಿ ಇನ್ನೂ ಇದಾವೆ. ಇದು ನಮ್ಮ ಕಮ್ಮಾರ ಹಾಕೋ ಗುರುತು. ನಿಮ್ಮ ಬಂದೂಕಲ್ಲ ಇದು.”

ನಿಮ್ಮ ಅಧಿಕಾರಿ ಬಂದೂಕು ನೋಡಿದರು, ಪಟ್ಟಿ ನೋಡಿದರು, ಮತ್ತೆ ಬಂದೂಕು ನೋಡಿದರು. “ಹೌದು, ಅದೇ ನಂಬರು,” ಎಂದರು. “ಇವನನ್ನೂ ಒಳಗೆ ಹಾಕಿ.”

ಮರುವಾರದ ವರದಿಯಲ್ಲಿ ಇದು ‘ಸಂಘಟಿತ ಕಳ್ಳತನ’ವಾಯಿತು. ಇವು ನಕಲಿ ಬಂದೂಕುಗಳು ಎಂಬುದನ್ನು ಉಗ್ರಾಣದಲ್ಲಿ ದುರಸ್ತಿ ಮಾಡುವ ಯಾವ ಮಿಸ್ತ್ರಿಯೂ ಕಣ್ಣಲ್ಲೇ ಹೇಳಬಲ್ಲ. ಅವುಗಳ ನಳಿಗೆಯನ್ನು ರೈಲು ಕಂಬಿ ಕಾಯಿಸಿ ಮಾಡಿದ್ದಾರೆ, ಅರದ ಗೀರು ಇನ್ನೂ ಇದೆ. ಮಿಸ್ತ್ರಿಯನ್ನು ಯಾಕೆ ಕೇಳಲಿಲ್ಲ ಎಂದು ಅಧಿಕಾರಿಯನ್ನು ವಿಚಾರಿಸಿದೆ. ಅವರು ಪಾಪ, ಅಚ್ಚಾದ ಫಾರಂ ತೆಗೆದು ತೋರಿಸಿದರು. ಅದರಲ್ಲಿ ಸಂಖ್ಯೆಗೆ ಕಲಂ ಇದೆ, ಹೆಸರಿಗಿದೆ, ಕುಲಕ್ಕಿದೆ, ಹೆಬ್ಬೆಟ್ಟಿಗೂ ಇದೆ. ಬಂದೂಕು ಅಸಲಿಯೋ ನಕಲಿಯೋ ಎಂಬುದಕ್ಕೆ ಮಾತ್ರ ಕಲಂ ಇಲ್ಲ.

ಸೆರೆಮನೆಗೆ ಹೋಗಿ ಇಬ್ಬರನ್ನೂ ಕಂಡೆ. ಮುಸ್ತಮೀರ್ ಕಂಬಿಯ ಆಚೆಯಿಂದ ನಕ್ಕ. “ಮುನ್ಶಿಜಿ, ಸಾಕ್ಷಿ ಹೇಳೋಕ್ ಬಂದೆ, ಮಾಲು ಸಮೇತ ನನ್ನನ್ನೇ ಇಟ್ಕೊಂಡ್ರು. ಇನ್ನೂ ಇಬ್ಬರನ್ನ ಕಳಿಸಿ ಮಾರಾಯ್ರೆ, ಪಗಡೆಗೆ ನಾಲ್ಕು ಜನ ಆಗ್ತೀವಿ.” ಮೀರ್‌ಬಾಜ್ ನಗಲಿಲ್ಲ. ಗೋಡೆ ನೋಡುತ್ತ ಕೇಳಿದ: “ಸಮುದ್ರದ ನೀರೆಲ್ಲ ಉಪ್ಪಂತೆ, ನಿಜವಾ ಮುನ್ಶಿಜಿ? ಅಷ್ಟೊಂದು ಉಪ್ಪಿದ್ರೆ ಅಲ್ಲಿ ಹೊರೋರಿಗೆ ಏನ್ ಕೆಲಸ?” ಸಮುದ್ರವನ್ನು ನಾನೂ ನೋಡಿಲ್ಲ.

ಮೀರ್‌ಬಾಜನ ತಾಯಿ ಝರ್‌ಜಾನಾ ಸೌದೆ ಹೊರೆಯೊಂದಿಗೆ ಪಟ್ಟಣಕ್ಕಿಳಿದು, ಈಗ ವಾರಕ್ಕೆರಡು ಸಲ ನನ್ನ ಬಾಗಿಲಿಗೆ ಬರುತ್ತಾಳೆ. ಹೊರೆಯನ್ನು ಇಳಿಸುವುದಿಲ್ಲ, ಹಾಗೇ ನಿಂತು ಮಾತಾಡುತ್ತಾಳೆ. “ಕಳುವಾದ ಕೋಳಿ ಒಂದೇ ತಾನೆ? ಎಷ್ಟು ಜನರ ಹೊಟ್ಟೆ ಸೀಳಿ ಹುಡುಕ್ತಾರೆ ನಿಮ್ಮ ಸಾಹೇಬ್ರು?” ಎಂದಳು ಒಮ್ಮೆ. ಇನ್ನೊಮ್ಮೆ, “ಆ ಪುಸ್ತಕದಾಗೆ ಇರೋದು ನಿಮ್ಮ ಕೈಬರಹ ಅಂತಾರಲ್ಲ, ಹೌದಾ?” ಹೌದು ಎಂದೆ. “ಹಂಗಾದ್ರೆ ಅಳಿಸಿ,” ಎಂದಳು. ಸರ್ಕಾರದ ಪುಸ್ತಕದಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ ತಾಯಿ ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ.

ಕಳೆದ ಶುಕ್ರವಾರ ಹಿರಿಯರ ರಕ್ಷಣೆಯಲ್ಲಿ ಕಣಿವೆಗೆ ಹೋಗಿ ಕಮ್ಮಾರ ಝರ್ಗೂನ್ ಉಸ್ತಾದನನ್ನು ಕಂಡೆ. ಎರಡೂ ಬಂದೂಕು ಅವನ ಕೈಯ ಕೆಲಸ. ವಿಷಯ ಕೇಳಿ ಅರ ಕೆಳಗಿಟ್ಟ.

“ಅದು ನಂಬರು ಅಂತ ನನಗೇನ್ ಗೊತ್ತು ಮುನ್ಶಿಜಿ? ನದಿಯಾಗೆ ಸಿಕ್ಕಿದ್ದ ಬಂದೂಕು ಒಂದನ್ನ ನಮ್ಮಪ್ಪ ಮಾದರಿಗೆ ಅಂತ ಒಂದು ವಾರ ಎರವಲು ತಂದಿದ್ದ. ಇದ್ದದ್ದು ಇದ್ದಂಗೆ ಅಚ್ಚು ಕೆತ್ತಿದ. ಕಿರೀಟದ ಗುರುತು, ನೀವು ನಂಬರು ಅನ್ನೋ ಆ ಗೀರು, ಎಲ್ಲಾ. ಅದಿಲ್ದಿದ್ರೆ ಗಿರಾಕಿ ಮುಟ್ಟೋದೇ ಇಲ್ಲ. ಗುರಿ ತಪ್ಪತ್ತೆ ಅಂತಾನೆ.”

“ಎಲ್ಲಾ ಬಂದೂಕಿಗೂ ಅದನ್ನೇ ಹೊಡೆದೆಯಾ?”

“ಮತ್ತೆ? ಇಪ್ಪತ್ತು ವರ್ಷದಿಂದ ಹೊಡೀತಿದೀನಿ. ಇನ್ನೂರು ದಾಟಿರಬೇಕು.” ಸ್ವಲ್ಪ ಯೋಚಿಸಿ ದನಿ ತಗ್ಗಿಸಿದ. “ಬೇಕಾದ್ರೆ ಬೇರೆ ಹಾಕ್ತೀನಿ. ನಿಮ್ಮ ಸರ್ಕಾರ ಯಾವ ನಂಬರು ಕಳ್ಕೊಂಡಿಲ್ವೋ ಅದನ್ನ ಬರ್ಕೊಡಿ.”

ಇನ್ನೂರು, ಮಾನ್ಯರೇ! ನಿಮ್ಮ ಪಟ್ಟಿಯ ಒಂದೇ ಸಾಲಿಗೆ ಇನ್ನೂರು ಕಳ್ಳರು. ಸೆರೆಮನೆಯನ್ನು ದೊಡ್ಡದು ಮಾಡಿಸುವ ಕೆಲಸವನ್ನು ಈಗಲೇ ಶುರುಮಾಡುವುದು ಒಳ್ಳೆಯದು.

ಈ ಕುಲುಮೆಗಳು ಇಷ್ಟಾಗಿದ್ದು ಹೇಗೆ ಎಂಬುದನ್ನೂ ನಿಮ್ಮ ಸಮಿತಿ ಮರೆತಿರಬಹುದು, ನಾನು ಮರೆತಿಲ್ಲ. ಮೊದಲು ಸರ್ಕಾರವೇ ತನಗೆ ಬೇಕಾದ ಕುಲಗಳಿಗೆ ಬಂದೂಕು ಹಂಚಿತು. ಬೇಡದ ಕುಲದವರು ಮಸ್ಕತ್ತಿನಿಂದ ತರಿಸಿದರು. ಎಂಟು ವರ್ಷದ ಹಿಂದೆ ನೀವು ಯುದ್ಧನೌಕೆ ನಿಲ್ಲಿಸಿ ಆ ಸಮುದ್ರದ ದಾರಿ ಮುಚ್ಚಿದಿರಿ. ಆಯುಧ ವ್ಯಾಪಾರ ಸತ್ತಿತೆಂದು ಪತ್ರಿಕೆಗಳೆಲ್ಲ ಬರೆದವು. ಆ ವರ್ಷ ಝರ್ಗೂನನ ಊರಿನಲ್ಲಿ ಎರಡು ಕುಲುಮೆಗಳಿದ್ದವು. ಈಗ ಹತ್ತೊಂಬತ್ತಿವೆ. ಬಂದೂಕಿಲ್ಲದೆ ತನ್ನ ಹೊಲಕ್ಕೂ ಹೋಗಲಾಗದ ಹಗೆತನಗಳ ನಡುವೆ ಬದುಕುವವನು, ಹೊರಗಿನಿಂದ ಸಿಗದಿದ್ದರೆ ಮನೆಯಲ್ಲೇ ಮಾಡಿಸಿಕೊಳ್ಳುತ್ತಾನೆ. ಇದನ್ನು ತಿಳಿಯಲು ಸಮಿತಿ ಬೇಕೆ? ಬಂದೂಕು ಕಡಿಮೆಯಾಗಲಿ ಎಂದು ನನಗೂ ಆಸೆ. ಅದಕ್ಕೆ ಆ ಹಗೆತನ ತೀರಿಸುವ ಹಿರಿಯರ ಕಟ್ಟೆಯೊಂದಿಗೆ ನೀವು ಮಾತಾಡಬೇಕು. ಅವರು ಕಳಿಸಿದ ಸಾಕ್ಷಿಗೇ ಬೇಡಿ ಹಾಕಿದ ಮೇಲೆ ಇನ್ನು ಯಾವ ಮುಖ ಹೊತ್ತು ಮಾತಾಡುತ್ತೀರಿ?

ಈಗ ನನ್ನ ಬೇಡಿಕೆ. ಝರ್ಗೂನ್ ತನ್ನ ಅಚ್ಚನ್ನು ಒಪ್ಪಿಸಲು ಸಿದ್ಧನಿದ್ದಾನೆ. ಅದು ಹೋದರೆ ಅವನ ಬಂದೂಕನ್ನು ಕೇಳುವವರಿಲ್ಲ. ಅದು ಅವನಿಗೂ ಗೊತ್ತು. “ಹುಡುಗ್ರು ಬರ್ಲಿ ಮುನ್ಶಿಜಿ, ನಾನು ಕುಡುಗೋಲು ಮಾಡ್ಕೊಂಡು ಬದುಕ್ತೀನಿ,” ಎಂದ. ಆದರೆ ಅವನು ಗಡಿ ದಾಟಿದರೆ ನಿಮ್ಮವರು ಮೂರನೆಯ ಕಳ್ಳನೆಂದು ಹಿಡಿಯುತ್ತಾರೆ. ಆದ್ದರಿಂದ ದಾಟಬೇಕಾದವರು ನೀವು. ಇಪ್ಪತ್ತೆರಡರ ಒಳಗೆ ಯಾವುದಾದರೂ ಒಂದು ಬೆಳಿಗ್ಗೆ ಘಟ್ಟದ ಠಾಣೆಗೆ ಬನ್ನಿ. ಅಲ್ಲಿಂದ ಇನ್ನೂರು ಹೆಜ್ಜೆ ಆಚೆ, ರಸ್ತೆಯ ಮೇಲೆ, ಅಡಿಗಲ್ಲು, ಸುತ್ತಿಗೆ, ಅಚ್ಚಿನೊಂದಿಗೆ ಅವನು ಕೂತಿರುತ್ತಾನೆ. ನಿಮ್ಮ ಜೀವಕ್ಕೆ ಕಣಿವೆಯ ಹಿರಿಯರ ಮಾತು ಹೊಣೆ. ಆ ಮಾತು ಇದುವರೆಗೆ ಪರಿಶೀಲನೆಯಲ್ಲಿ ಕೂತದ್ದಿಲ್ಲ. ಬರುವಾಗ ನಿಮ್ಮ ಬಂಗಲೆಯ ಬಾಗಿಲಿನ ಚಿಲಕ ಬಿಚ್ಚಿಸಿ ತನ್ನಿ. ನಿಮ್ಮ ಕಣ್ಣೆದುರೇ ಅದರ ಮೇಲೆ ಅಚ್ಚಿಟ್ಟು ಅವನು ಒಂದು ಪೆಟ್ಟು ಹಾಕಲಿ. ಆಮೇಲೆ ಫಾರಂ ತೆಗೆದು ಸಂಖ್ಯೆಯ ಕಲಂನಲ್ಲಿ 4417 ಎಂದೂ ಹೆಸರಿನ ಕಲಂನಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಬರೆಯಲು ಕೈ ಬಾರದಿದ್ದರೆ ಅದೇ ಮಧ್ಯಾಹ್ನ ಮೀರ್‌ಬಾಜನನ್ನೂ ಮುಸ್ತಮೀರ್‌ನನ್ನೂ ಬಿಟ್ಟುಬಿಡಿ.

ಇಂತಿ,
ಹದಿನೆಂಟು ವರ್ಷ ನಿಮ್ಮ ಬಂದೂಕುಗಳ ಸಂಖ್ಯೆಯನ್ನು ಒಂದೂ ತಪ್ಪಿಲ್ಲದೆ ಬರೆದು, ಈಗ ಅದಕ್ಕಾಗಿ ನಾಚುತ್ತಿರುವ,
ಕರಮ್ ಇಲಾಹಿ
ನಿವೃತ್ತ ಮುನ್ಶಿ